ತಾರಸಿ ಮೇಲೆ ಕುರಿ, ನೆಲದಡಿಯಲ್ಲಿ ಶಾಫ್ಟು: ಇಂಗ್ಲೆಂಡಿನ ಹಳೇ ಮಿಲ್ಲುಗಳ ಸುತ್ತ

ಬುಧವಾರ, ಲೀಡ್ಸ್

ಒಂದು ಕಾಲಕ್ಕೆ ತಾರಸಿ ಮೇಲೆ ಕುರಿ ಮೇಯಿಸುತ್ತಿದ್ದ ಮಿಲ್ಲು ಲೀಡ್ಸಿನ ಹೋಲ್‌ಬೆಕ್‌ನಲ್ಲಿದೆ. ಹೆಸರು ಟೆಂಪಲ್ ವರ್ಕ್ಸ್. ಅಕ್ಕನ ಮಗಳು ಇದೇ ಊರಿನಲ್ಲಿ ಕೆಲಸಕ್ಕಿದ್ದಾಳೆ. ಆಫೀಸು ಮುಗಿಸಿ ಬಂದವಳೇ ಸಂಜೆ ನನ್ನನ್ನು ಅಲ್ಲಿಗೆ ಹೊರಡಿಸಿದಳು. ಮೇ ತಿಂಗಳಲ್ಲಿ ಇಲ್ಲಿ ರಾತ್ರಿ ಒಂಬತ್ತಾದರೂ ಬೆಳಕಿರುತ್ತೆ. ರೈಲ್ವೆ ಸ್ಟೇಷನ್ನಿನಿಂದ ಆರಾಮಾಗಿ ನಡೆದೇ ಹೋದೆವು.

ರಸ್ತೆ ತಿರುವಿನಲ್ಲಿ ಅದು ಕಂಡಾಗ ಮಿಲ್ಲು ಅಂತ ನಂಬೋಕೇ ಆಗಲಿಲ್ಲ. ದಪ್ಪ ದಪ್ಪ ಕಲ್ಲಿನ ಕಂಬಗಳು, ಮೇಲೆ ಭಾರಿ ತೊಲೆ, ಗೋಡೆ ತುಂಬ ಈಜಿಪ್ಟಿನ ಕೆತ್ತನೆ. ಎಡ್ಫುವಿನ ಹೋರಸ್ ದೇವಸ್ಥಾನ ನೋಡಿಕೊಂಡು ಕಟ್ಟಿದ್ದಂತೆ. ಮಾಲೀಕ ಜಾನ್ ಮಾರ್ಷಲ್ ಅಗಸೆ ನಾರಿನಿಂದ ಲಿನನ್ ನೂಲು ತೆಗೆಸುತ್ತಿದ್ದವನು. ಲಿನನ್ ಅಂದರೆ ಈಜಿಪ್ಟಿನ ಬಟ್ಟೆ ಅಲ್ವಾ, ಹಾಗಾಗಿ ಈ ವೇಷ. ವಿನ್ಯಾಸ ಮಾಡಿದ ಜೋಸೆಫ್ ಬೊನೋಮಿ ಈಜಿಪ್ಟಿಗೆ ಹೋಗಿ ಅಲ್ಲಿನ ಕಟ್ಟಡಗಳ ಚಿತ್ರ ಬರೆದು ಬಂದಿದ್ದವನು. ಕೆಲಸ ಶುರುವಾಗಿದ್ದು 1836ರಲ್ಲಿ. ಮುಗಿಯುವ ಹೊತ್ತಿಗೆ ವಿಕ್ಟೋರಿಯಾ ರಾಣಿಯಾಗಿ ಮೂರು ವರ್ಷವಾಗಿತ್ತು.

ಆದರೆ ಈ ಮಿಲ್ಲಿನ ನಿಜವಾದ ಜಾಣತನ ಇರುವುದು ಮುಂಭಾಗದಲ್ಲಲ್ಲ, ತಾರಸಿಯಲ್ಲಿ. ಒಣ ಹವೆಯಲ್ಲಿ ಅಗಸೆ ನೂಲು ಪಟ್ ಅಂತ ಹರಿಯುತ್ತೆ. ಒಳಗೆ ತೇವ ಉಳಿಯಬೇಕು ಅಂತ ಸುಮಾರು ಎರಡು ಎಕರೆಯ ಒಂದೇ ಅಂತಸ್ತಿನ ಕಟ್ಟಡದ ತಲೆ ಮೇಲೆ ಮಣ್ಣು ಹಾಕಿ ಹುಲ್ಲು ಬೆಳೆಸಿದರು. ಬೆಳಕಿಗೆ ನಡುನಡುವೆ ಶಂಕುವಿನಾಕಾರದ ಗಾಜಿನ ಗೂಡುಗಳು. ಹುಲ್ಲು ಬೆಳೆದ ಮೇಲೆ ಅದನ್ನು ಕತ್ತರಿಸಬೇಕಲ್ಲ, ಅದಕ್ಕೆ ಕುರಿಗಳನ್ನು ಬಿಟ್ಟರು. ಅವನ್ನು ಮೇಲೆ ಏರಿಸೋಕೆ ಲಿಫ್ಟು ಬೇರೆ. ಒಂದು ಕುರಿ ಗಾಜು ಒಡೆದುಕೊಂಡು ಕೆಳಗೆ ಬಿತ್ತು ಅಂತ ಊರಲ್ಲಿ ಈಗಲೂ ಹೇಳುತ್ತಾರೆ.

ಈಗ ಒಳಗೆ ಬಿಡುವುದಿಲ್ಲ. ಬೇಲಿಯ ಈಚೆಯಿಂದಲೇ ನೋಡಬೇಕು. 2008ರಲ್ಲಿ ಮುಂಭಾಗದ ಒಂದು ಕಂಬ ಸೀಳಿ, ಮೇಲಿನ ಕಲ್ಲುಗಳು ಫುಟ್‌ಪಾತಿಗೇ ಉರುಳಿದವು. ಇದು ಗ್ರೇಡ್ ಒಂದರ ಕಟ್ಟಡ ಅನ್ನುವುದು ನೆನಪಿರಲಿ. ಇಂಗ್ಲೆಂಡಿನಲ್ಲಿ ಪಾರಂಪರಿಕ ಕಟ್ಟಡಗಳನ್ನು ಮೂರು ದರ್ಜೆಗೆ ಸೇರಿಸುತ್ತಾರೆ: ಒಂದು, ಎರಡು ಸ್ಟಾರ್, ಎರಡು. ಗ್ರೇಡ್ ಒಂದು ಅಂದರೆ ದೇಶದ ಅತಿ ಮುಖ್ಯ ಕಟ್ಟಡಗಳ ಸಾಲು. ಪಟ್ಟಿಗೆ ಸೇರಿದ ಮೇಲೆ ಸ್ಥಳೀಯ ಕೌನ್ಸಿಲ್ ಒಪ್ಪದೆ ಏನನ್ನೂ ಕೆಡವುವಂತಿಲ್ಲ, ರೂಪ ಬದಲಿಸುವಂತಿಲ್ಲ. ಅಷ್ಟು ಸರಿ. ಆದರೆ ಮಳೆ ನೀರು ಕೌನ್ಸಿಲ್ಲಿನ ಪರ್ಮಿಷನ್ ಕೇಳಿ ಒಳಗೆ ಇಳಿಯೋದಿಲ್ಲ. 2017ರಲ್ಲಿ ಈ ಕಟ್ಟಡ ಕೈ ಬದಲಾಯಿಸಿದ್ದು ಒಂದು ಪೌಂಡಿಗೆ. ಹೌದು, ಒಂದೇ ಒಂದು ಪೌಂಡು. ಕೊಂಡವರ ತಲೆ ಮೇಲೆ ಬಂದದ್ದು ಕೋಟಿಗಟ್ಟಲೆ ರಿಪೇರಿ. ಬ್ರಿಟಿಷ್ ಲೈಬ್ರರಿಯ ಉತ್ತರದ ನೆಲೆ ಇಲ್ಲಿಗೆ ಬರಲಿ ಅನ್ನುವ ಪ್ರಯತ್ನ ಕೆಲವು ವರ್ಷಗಳಿಂದ ನಡೆದಿದೆ.

“ಯಾರೂ ಇಲ್ಲದ ಮನೆ ಬೀಳೋದೇ ಅಲ್ವಾ ಮಾಮ” ಅಂದಳು ನನ್ನ ಸೊಸೆಮುದ್ದು. ಸಿವಿಲ್ ಇಂಜಿನಿಯರು, ಅವಳಿಗೆ ಗೊತ್ತಿರುತ್ತೆ.

ಗುರುವಾರ, ಸಾಲ್ಟೇರ್

ಲೀಡ್ಸಿನಿಂದ ಸ್ಕಿಪ್ಟನ್ ಕಡೆಗೆ ಹೋಗುವ ರೈಲು ಹತ್ತಿದರೆ ಕಾಲು ಗಂಟೆ. ಶಿಪ್ಲಿ ದಾಟುತ್ತಿದ್ದಂತೆ ಸಾಲ್ಟೇರ್. ಸ್ಟೇಷನ್ನಿನಲ್ಲಿ ಇಳಿದರೆ ಮಿಲ್ಲು ಪಕ್ಕದಲ್ಲೇ ನಿಂತಿರುತ್ತೆ, ದಾರಿ ಕೇಳುವ ಗೋಜಿಲ್ಲ. ಜೇನು ಬಣ್ಣದ ಮರಳುಗಲ್ಲು, ಆರು ಅಂತಸ್ತು, ಸಾಲುಸಾಲು ಎತ್ತರದ ಕಿಟಕಿ. ರೈಲು ಹಳಿಯ ಕಡೆಗಿರುವ ಮುಖದ ಉದ್ದ 545 ಅಡಿ, ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚಿನಷ್ಟೇ. ರೈಲಿನಲ್ಲಿ ಹೋಗುವವರೆಲ್ಲ ನೋಡಲಿ ಅಂತಲೇ ಆ ಕಡೆಗೆ ಮುಖ ಮಾಡಿಸಿದ್ದಾರೆ ಅಂತ ನನಗನ್ನಿಸಿತು. ಆ ಕಾಲದ ದೊಡ್ಡ ಜಾಹೀರಾತು ಅದು.

ಇದನ್ನು ಕಟ್ಟಿಸಿದ ಟೈಟಸ್ ಸಾಲ್ಟ್ ಬ್ರಾಡ್‌ಫರ್ಡಿನ ಉಣ್ಣೆ ವ್ಯಾಪಾರಿಯ ಮಗ. ಪೆರುವಿನಿಂದ ಬಂದ, ಅಲ್ಪಾಕಾ ಅನ್ನುವ ಪ್ರಾಣಿಯ ಉಣ್ಣೆ ಲಿವರ್‌ಪೂಲಿನ ಗೋದಾಮಿನಲ್ಲಿ ಕೇಳುವವರಿಲ್ಲದೆ ಬಿದ್ದಿತ್ತು. 1836ರಲ್ಲಿ ಅದನ್ನು ಕೊಂಡು ಪಳಗಿಸಿದ. ಉದ್ದದ ಎಳೆಗೆ ಹತ್ತಿ, ಅಡ್ಡದ ಎಳೆಗೆ ಅಲ್ಪಾಕಾ ಕೊಟ್ಟು ನೇಯ್ದರೆ ರೇಷ್ಮೆಯಂಥ ಹೊಳಪು ಬರುತ್ತಿತ್ತು. ಹೆಂಗಸರ ಉಡುಪಿಗೆ ಅದೇ ಫ್ಯಾಷನ್ ಆಯಿತು. ದುಡ್ಡು ಹರಿಯಿತು. 1848ರಲ್ಲಿ ಬ್ರಾಡ್‌ಫರ್ಡಿನ ಮೇಯರ್ ಆದ. ಆ ಊರು ಆಗ ಹೊಗೆ, ಕಾಲರಾ, ಕೊಚ್ಚೆಯ ಊರು. ಅಲ್ಲಿ ಸರಾಸರಿ ಆಯಸ್ಸು ಹದಿನೆಂಟರ ಆಸುಪಾಸು ಇತ್ತು ಅಂತ ಆ ಕಾಲದ ವರದಿಗಳು ಹೇಳುತ್ತವೆ. ಸಾಲ್ಟ್ ಊರ ಹೊರಗೆ ಏರ್ ನದಿ, ಕಾಲುವೆ, ರೈಲು ಹಳಿ ಮೂರೂ ಅಕ್ಕಪಕ್ಕ ಸಿಗುವ ಜಾಗ ಹಿಡಿದು, ಇದ್ದ ಐದಾರು ಮಿಲ್ಲುಗಳನ್ನು ಒಂದೇ ಸೂರಿನಡಿ ತಂದ. 1853ರ ಸೆಪ್ಟೆಂಬರ್ 20ಕ್ಕೆ ಅವನಿಗೆ ಐವತ್ತು ತುಂಬಿತು. ಅದೇ ದಿನ ಮಿಲ್ಲಿನ ಪ್ರಾರಂಭೋತ್ಸವ. ಮಷೀನು ಇನ್ನೂ ಕೂರಿಸಿರದ ಉಣ್ಣೆ ಬಾಚುವ ಶೆಡ್ಡಿನಲ್ಲೇ ಸಾವಿರಾರು ಜನಕ್ಕೆ ಊಟ.

ವಾಸ್ತುಶಿಲ್ಪಿಗಳು ಲಾಕ್‌ವುಡ್ ಮತ್ತು ಮಾಸನ್. ಇಂಜಿನಿಯರ್ ವಿಲಿಯಂ ಫೇರ್‌ಬೇರ್ನ್. ಹೊರಗಿನ ಇಟಾಲಿಯನ್ ಶೋಕಿ ಮೊದಲಿನವರದ್ದು, ಒಳಗಿನ ಎಲುಬು ಫೇರ್‌ಬೇರ್ನ್‌ದು. ನನಗೆ ಎರಡನೆಯದೇ ಜಾಸ್ತಿ ಇಷ್ಟವಾಯಿತು.

ನೆಲಮಹಡಿಯ ಗ್ಯಾಲರಿಗೆ ಕಾಲಿಟ್ಟರೆ ಮೊದಲು ಮೂಗಿಗೆ ಬಡಿಯುವುದು ಲಿಲ್ಲಿ ಹೂವಿನ ವಾಸನೆ. ದೊಡ್ಡ ದೊಡ್ಡ ಕುಂಡಗಳಲ್ಲಿ ಇಟ್ಟಿದ್ದಾರೆ. ಕೆಳಗೆ ಸವೆದ ಕಲ್ಲುಚಪ್ಪಡಿ. ಉದ್ದಕ್ಕೂ ಎರಕದ ಕಬ್ಬಿಣದ ಕಂಬಗಳು. ಒಂದು ಕಂಬದ ಪಕ್ಕ ಸುಮ್ನೆ ನಿಂತೆ. ನನ್ನ ಎರಡು ಅಂಗೈಗೆ ಹಿಡಿಯುವಷ್ಟೇ ದಪ್ಪ, ಆದರೆ ಅಂಥ ಸಾಲುಗಳೇ ಮೇಲಿನ ಎಲ್ಲ ಮಹಡಿಗಳನ್ನೂ ಹೊತ್ತಿವೆ. ಬಣ್ಣ ಪದರಪದರವಾಗಿ ಕೂತಿದೆ. ಮೇಲೆ ನೋಡಿದರೆ ಕಬ್ಬಿಣದ ತೊಲೆ, ತೊಲೆಯಿಂದ ತೊಲೆಗೆ ಇಟ್ಟಿಗೆಯ ಸಣ್ಣ ಕಮಾನು. ನಮ್ಮ ಕಡೆ ಹಳೇ ರೈಲ್ವೆ ಕ್ವಾರ್ಟರ್ಸುಗಳಲ್ಲಿ ಕಂಬಿ ಮತ್ತು ಇಟ್ಟಿಗೆ ಕಮಾನಿನ ತಾರಸಿ ಇರುತ್ತಲ್ಲ, ಅದೇ ಲೆಕ್ಕ.

ಇದರ ಹಿಂದೆ ಇರುವುದು ಬೆಂಕಿಯ ಭಯ. ಹಳೇ ಮಿಲ್ಲುಗಳಲ್ಲಿ ಮರದ ತೊಲೆ, ಮರದ ನೆಲ. ವರ್ಷಗಟ್ಟಲೆ ಮಷೀನಿನ ಎಣ್ಣೆ ಕುಡಿದ ಹಲಗೆ, ಗಾಳಿಯಲ್ಲೆಲ್ಲ ನಾರಿನ ಧೂಳು, ಮೇಲೆ ತೂಗುವ ದೀಪ. ಒಂದು ಕಿಡಿ ಸಾಕು. ಅದಕ್ಕೇ ಮರವನ್ನು ದೂರವಿಟ್ಟು ಕಬ್ಬಿಣ, ಇಟ್ಟಿಗೆ, ಕಲ್ಲು ತಂದರು. ಕಿಟಕಿಗಳು ಅಷ್ಟೆತ್ತರ ಇರುವುದು ಅಂದಕ್ಕಲ್ಲ, ಹರಿದ ಎಳೆ ಹಗಲು ಬೆಳಕಿನಲ್ಲಿ ಕಣ್ಣಿಗೆ ಬೀಳಲಿ ಅಂತ. ನೂಲುವ ಕೆಲಸ ಮಹಡಿ ಮೇಲೆ, ನೇಯುವ ಕೆಲಸ ಮಾತ್ರ ನೆಲದ ಮೇಲಿನ ಶೆಡ್ಡಿನಲ್ಲಿ. ಸಾವಿರದಿನ್ನೂರು ಮಗ್ಗ ಒಟ್ಟಿಗೆ ಕುಟ್ಟಿದರೆ ಯಾವ ಮಹಡಿ ತಡೆದೀತು? ಮಗ್ಗಗಳಿಗೆ ಶಕ್ತಿ ಕೊಡುವ ಶಾಫ್ಟುಗಳನ್ನು, ಅಂದರೆ ತಿರುಗುವ ಉದ್ದನೆಯ ಸರಳುಗಳನ್ನು, ಫೇರ್‌ಬೇರ್ನ್ ನೆಲದಡಿ ಹಾಕಿಸಿದ. ತಲೆ ಮೇಲೆ ತಿರುಗುವ ಬೆಲ್ಟುಗಳ ಗದ್ದಲ, ಅಪಾಯ ಎರಡೂ ಕಡಿಮೆಯಾಯಿತು. ಚಾವಣಿಗೆ ಬಿದ್ದ ಮಳೆ ನೀರನ್ನೂ ನೆಲದಡಿಯ ತೊಟ್ಟಿಗೆ ಇಳಿಸಿ ಉಣ್ಣೆ ತೊಳೆಯೋಕೆ ಬಳಸುತ್ತಿದ್ದರಂತೆ. ದಿನಕ್ಕೆ 30,000 ಗಜ ಬಟ್ಟೆ ತೆಗೆಯುವ ಲೆಕ್ಕ ಹಾಕಿ ಕಟ್ಟಿದ ಮಿಲ್ಲು ಇದು.

ಮೇಲಿನ ಮಹಡಿಯ ಚಾವಣಿಯಡಿಯ ಹಾಲ್ ಅಂತೂ ಈ ತುದಿಯಿಂದ ಆ ತುದಿಗೆ ಒಂದೇ ಕೋಣೆ. ಕಟ್ಟಿದ ಕಾಲಕ್ಕೆ ಜಗತ್ತಿನಲ್ಲೇ ಉದ್ದದ ಕೋಣೆ ಅಂತ ಹೆಸರು. ಅಲ್ಲಿ ಚಿತ್ರಕಾರ ಡೇವಿಡ್ ಹಾಕ್ನಿಯ ಚಿತ್ರಗಳನ್ನು ಇಡುತ್ತಾರೆ. ಗೋಡೆ ಮೇಲಿನ ಚಿತ್ರಕ್ಕಿಂತ ಮೇಲಿನ ಕಬ್ಬಿಣದ ಜೋಡಣೆಯನ್ನೇ ನೋಡುತ್ತಾ ನಡೆದೆ. ಎದುರಿನಿಂದ ಬಂದ ಅಜ್ಜಿಯೊಬ್ಬರಿಗೆ ಡಿಕ್ಕಿ ಹೊಡೆಯುವುದೊಂದು ಬಾಕಿ.

ಮಿಲ್ಲು ಮುಚ್ಚಿದ್ದು 1986ರಲ್ಲಿ. ಅಷ್ಟು ದೊಡ್ಡ ಖಾಲಿ ಕಟ್ಟಡವನ್ನು ಏನು ಮಾಡುವುದು ಅಂತ ಯಾರಿಗೂ ತೋಚಲಿಲ್ಲ. ಮರುವರ್ಷ ಜೋನಥನ್ ಸಿಲ್ವರ್ ಅನ್ನುವ ಬ್ರಾಡ್‌ಫರ್ಡಿನ ವ್ಯಾಪಾರಿ ಕೊಂಡುಕೊಂಡ. ಮಾಸ್ಟರ್ ಪ್ಲಾನು, ಸಮಿತಿ ಅಂತ ಕಾಯದೆ ನೆಲಮಹಡಿಯನ್ನು ತೊಳೆಸಿ, ಬ್ರಾಡ್‌ಫರ್ಡಿನಲ್ಲೇ ಹುಟ್ಟಿದ ಗೆಳೆಯ ಹಾಕ್ನಿಯ ಚಿತ್ರಗಳನ್ನು ತೂಗುಹಾಕಿ ಗ್ಯಾಲರಿ ತೆರೆದ. 1989ರಲ್ಲಿ ಹಾಕ್ನಿ ಅಮೆರಿಕದಿಂದ 144 ಹಾಳೆಗಳ ಒಂದು ಚಿತ್ರವನ್ನು ಫ್ಯಾಕ್ಸಿನಲ್ಲೇ ಇಲ್ಲಿಗೆ ಕಳಿಸಿದ. ಜನ ನಿಂತು ಒಂದೊಂದೇ ಹಾಳೆ ಹೊರಬರುವುದನ್ನು ನೋಡಿದರಂತೆ. ಉಳಿದ ಮಹಡಿಗಳನ್ನು ಕಂಪನಿಗಳಿಗೆ ಬಾಡಿಗೆಗೆ ಕೊಟ್ಟ. ಆಮೇಲೆ ಪುಸ್ತಕದಂಗಡಿ, ಹೋಟೆಲು ಬಂದವು. ಸಿಲ್ವರ್ 1997ರಲ್ಲಿ, ಐವತ್ತು ತುಂಬುವ ಮೊದಲೇ ತೀರಿಕೊಂಡ. 2001ರಲ್ಲಿ ಸಾಲ್ಟೇರ್ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರಿತು. ಈ ಕ್ರಮವನ್ನು ಗಮನಿಸಿ: ಮೊದಲು ಬಾಡಿಗೆ ಬಂತು, ಆಮೇಲೆ ಯುನೆಸ್ಕೋ ಬಂತು. ನಮ್ಮಲ್ಲಿ ಇದನ್ನು ತಿರುಗಾಮುರುಗಾ ನಿರೀಕ್ಷಿಸುತ್ತೇವೆ.

ಮಧ್ಯಾಹ್ನ, ಸಾಲ್ಟ್ ತನ್ನ ಕೆಲಸಗಾರರಿಗೆ ಕಟ್ಟಿಸಿದ ಊರು ಸುತ್ತಿದೆ. ಎಂಟುನೂರಕ್ಕೂ ಹೆಚ್ಚು ಮನೆ, ಎಲ್ಲವೂ ಅದೇ ಕಲ್ಲಿನವು. ಬೀದಿಗಳಿಗೆ ಹೆಂಡತಿ ಕ್ಯಾರೊಲಿನ್, ಮಕ್ಕಳಾದ ಜಾರ್ಜ್, ಅಮೀಲಿಯಾ, ಫ್ಯಾನಿ, ಹರ್ಬರ್ಟ್ ಹೆಸರು. ವಾಸ್ತುಶಿಲ್ಪಿಗಳಿಗೂ ಒಂದೊಂದು ಬೀದಿ ಸಿಕ್ಕಿದೆ. ಕೆಲಸಗಾರರಿಗೆ ಚಿಕ್ಕ ಮನೆ, ಮೇಲ್ವಿಚಾರಕರಿಗೆ ಅದೇ ಸಾಲಿನ ತುದಿಯಲ್ಲಿ ಎತ್ತರದ ಮನೆ. ಬೀದಿಯಲ್ಲಿ ನಿಂತರೆ ಯಾರ ಸಂಬಳ ಎಷ್ಟು ಅಂತ ಅಂದಾಜು ಮಾಡಬಹುದು. ಪ್ರತಿ ಮನೆಗೂ ನೀರು, ಗ್ಯಾಸ್ ದೀಪ, ಹಿತ್ತಲಲ್ಲಿ ಸ್ವಂತ ಪಾಯಿಖಾನೆ. ಆ ಕಾಲಕ್ಕೆ ಅದು ದೊಡ್ಡ ಮಾತು. ಶಾಲೆ, ಆಸ್ಪತ್ರೆ, ಮುದುಕರಿಗೆ ಮನೆ, ಪಾರ್ಕು ಎಲ್ಲ ಇತ್ತು. ಹೆಂಡದಂಗಡಿ ಮಾತ್ರ ಇರಲಿಲ್ಲ. ಈಗ ವಿಕ್ಟೋರಿಯಾ ರಸ್ತೆಯಲ್ಲಿರುವ ಬಾರಿಗೆ “ಟೈಟಸ್‌ಗೆ ಹೇಳಬೇಡಿ” ಅಂತ ಹೆಸರಿಟ್ಟಿದ್ದಾರೆ.

ಸಾಲ್ಟ್‌ನನ್ನು ದೇವರ ಹಾಗೆ ಬರೆಯುವವರಿದ್ದಾರೆ. ನನಗೆ ಹಾಗನ್ನಿಸಲಿಲ್ಲ. ಎಂಟು ದಾಟಿದ ಮಕ್ಕಳು ಅರ್ಧ ದಿನ ಮಿಲ್ಲಿನಲ್ಲಿ, ಅರ್ಧ ದಿನ ಶಾಲೆಯಲ್ಲಿ ಇರುತ್ತಿದ್ದ ಕಾಲ ಅದು. ಕಾನೂನೇ ಒಪ್ಪಿತ್ತು. ಕೆಲಸ, ಮನೆ ಎರಡೂ ಒಬ್ಬನೇ ಯಜಮಾನನ ಕೈಯಲ್ಲಿದ್ದರೆ ಎದುರು ಮಾತಾಡುವವರು ಯಾರು? ಆದರೂ ಅವನು 1876ರ ಕೊನೆಗೆ ಸತ್ತಾಗ ದಾರಿಯುದ್ದಕ್ಕೂ ಒಂದು ಲಕ್ಷ ಜನ ಸೇರಿದ್ದರು ಅನ್ನುವುದೂ ಸುಳ್ಳಲ್ಲ.

ಜಾರ್ಜ್ ಬೀದಿಯ ಒಂದು ಮನೆಯ ಮುಂದೆ ಬಡಗಿಯೊಬ್ಬ ಕಿಟಕಿ ರಿಪೇರಿ ಮಾಡುತ್ತಿದ್ದ. ಮೇಲೆ ಕೆಳಗೆ ಜಾರುವ ಮರದ ಕಿಟಕಿ. ಕೊಳೆತ ಕೆಳಪಟ್ಟಿಯನ್ನಷ್ಟೇ ಕೊಯ್ದು ತೆಗೆದು, ಅದೇ ಅಳತೆಯ ಹೊಸ ತುಂಡು ಕೂರಿಸುತ್ತಿದ್ದ. ಚೌಕಟ್ಟಿನೊಳಗೆ ಹಗ್ಗಕ್ಕೆ ಕಟ್ಟಿದ ಕಬ್ಬಿಣದ ಗುಂಡು ತೂಗುತ್ತಿತ್ತು. ಆ ಭಾರದಿಂದಲೇ ಕಿಟಕಿ ಎತ್ತಿದಲ್ಲಿ ನಿಲ್ಲುವುದು. “ಪ್ಲಾಸ್ಟಿಕ್ ಕಿಟಕಿ ಹಾಕಿದರೆ ಅಗ್ಗ ಅಲ್ವಾ?” ಅಂತ ಕೇಳಿದೆ. ನಕ್ಕ. ಇಲ್ಲಿನ ಮನೆಗಳು ಹೆಚ್ಚುಕಡಿಮೆ ಎಲ್ಲವೂ ಗ್ರೇಡ್ ಎರಡರ ಪಟ್ಟಿಯಲ್ಲಿವೆ. ಕಿಟಕಿ, ಬಾಗಿಲು, ಚಾವಣಿಯ ಸ್ಲೇಟು, ಡಿಶ್ ಆಂಟೆನಾ, ಯಾವುದಕ್ಕೆ ಕೈ ಹಾಕುವುದಾದರೂ ಮೊದಲು ಕೌನ್ಸಿಲ್ಲಿಗೆ ಅರ್ಜಿ. ಖರ್ಚು ಮನೆಯವರದ್ದೇ. ಗೊಣಗುವವರು ಇದ್ದಾರೆ, ಇರಲೇಬೇಕು. ಚಳಿಗಾಲದಲ್ಲಿ ಒಂಟಿ ಗಾಜಿನ ಕಿಟಕಿಯಿಂದ ಗಾಳಿ ನುಗ್ಗಿದರೆ ಪರಂಪರೆ ಅಂತ ಕೂತರೆ ಬೆಚ್ಚಗಾಗುತ್ತಾ?

ಶುಕ್ರವಾರ, ಬ್ರಾಡ್‌ಫರ್ಡ್

ಬ್ರಾಡ್‌ಫರ್ಡಿನಲ್ಲಿ ಎಲ್ಲಿ ನಿಂತರೂ ಮ್ಯಾನಿಂಗ್‌ಹ್ಯಾಮ್ ದಿಬ್ಬದ ಮೇಲಿನ ಚಿಮಣಿ ಕಾಣುತ್ತೆ. 249 ಅಡಿ ಎತ್ತರ. ಲಿಸ್ಟರ್ಸ್ ಮಿಲ್‌ನದು. ಹಳೇ ಮಿಲ್ಲು 1871ರಲ್ಲಿ ಸುಟ್ಟುಹೋದ ಮೇಲೆ ಸ್ಯಾಮ್ಯುಯೆಲ್ ಲಿಸ್ಟರ್ ಅದೇ ಜಾಗದಲ್ಲಿ ಇನ್ನೂ ದೊಡ್ಡದನ್ನು ಎಬ್ಬಿಸಿದ. ಇಲ್ಲಿ ರೇಷ್ಮೆ, ಮಖಮಲ್ಲು. ಭಾರತದಿಂದ ಬರುತ್ತಿದ್ದ, ಯಾರಿಗೂ ಬೇಡವಾದ ರೇಷ್ಮೆ ಕಸದಿಂದ ನೂಲು ತೆಗೆಯುವ ಮಷೀನು ಮಾಡಿ ಇವನು ಕೋಟ್ಯಧೀಶನಾದ. ಸುಮಾರು 11,000 ಜನ ದುಡಿಯುತ್ತಿದ್ದ ಜಾಗ.

ದಿಬ್ಬ ಹತ್ತುವಾಗ ಎರಡೂ ಕಡೆ ಸಮೋಸ ಅಂಗಡಿ, ಬಟ್ಟೆ ಅಂಗಡಿ, ಉರ್ದು ಬೋರ್ಡು. ಎರಡನೇ ಮಹಾಯುದ್ಧದ ನಂತರ ಮಿಲ್ಲುಗಳಿಗೆ ಕೈ ಸಾಲದೆ ಮೀರ್‌ಪುರ, ಪಂಜಾಬ್, ಗುಜರಾತಿನಿಂದ ಜನ ಬಂದರು. ಅವರ ಪಾಲಿಗೆ ಬಂದದ್ದು ಹೆಚ್ಚಾಗಿ ರಾತ್ರಿ ಪಾಳಿ. ಟೀ ಕುಡಿದ ಅಂಗಡಿಯ ಯಜಮಾನರು ತಮ್ಮ ತಂದೆಯೂ ರಾತ್ರಿ ಪಾಳಿಯವರೇ ಅಂದರು. “ನೀವು ಎಲ್ಲಿಯವರು?” ಅಂತ ಹಿಂದಿಯಲ್ಲಿ ಕೇಳಿದರು. ದಾವಣಗೆರೆ ಗೊತ್ತಿರಲಿಲ್ಲ. ಅದನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೀತಿದ್ರು ಅಂದಾಗ ಜೋರಾಗಿ ನಕ್ಕು, ಟೀ ದುಡ್ಡು ಬೇಡ ಅಂದುಬಿಟ್ಟರು.

1890ರ ಡಿಸೆಂಬರಿನಲ್ಲಿ ಲಿಸ್ಟರ್ ಕೂಲಿ ಕಡಿತ ಮಾಡಿದಾಗ ಇಲ್ಲಿ ತಿಂಗಳುಗಟ್ಟಲೆ ಮುಷ್ಕರ ನಡೆಯಿತು. ಕೆಲಸಗಾರರು ಸೋತರು. ಆದರೆ ಆ ಸಿಟ್ಟೇ ಮುಂದೆ 1893ರಲ್ಲಿ ಇದೇ ಊರಿನಲ್ಲಿ ಇಂಡಿಪೆಂಡೆಂಟ್ ಲೇಬರ್ ಪಾರ್ಟಿ ಹುಟ್ಟಲು ಕಾರಣವಾಯಿತು. ಚಿಮಣಿಯ ಚೆಂದ ಹೊಗಳುವ ಬೋರ್ಡುಗಳಲ್ಲಿ ಈ ಕಥೆಗೂ ಅಷ್ಟೇ ಜಾಗ ಕೊಡಬೇಕಿತ್ತು.

1992ರಲ್ಲಿ ಮಿಲ್ಲು ಮುಚ್ಚಿತು. ಗಿಡ ಬೆಳೆದು, ಗಾಜು ಒಡೆದು ಹಾಳು ಸುರಿಯುತ್ತಿದ್ದದ್ದು ಈಗ ಫ್ಲ್ಯಾಟುಗಳಾಗಿದೆ. ಮಖಮಲ್ಲಿನ ಮಿಲ್ಲಿನ ನೆತ್ತಿಯ ಮೇಲೆ ಗಾಜು, ಲೋಹದ ಬಾಗಿದ ಹೊಸ ಮನೆಗಳನ್ನು ಸಾಲಾಗಿ ಕೂರಿಸಿದ್ದಾರೆ. ಗ್ರೇಡ್ ಎರಡು ಸ್ಟಾರ್ ಕಟ್ಟಡಕ್ಕೆ ಇಷ್ಟು ಬದಲಾವಣೆಗೆ ಹೇಗೆ ಒಪ್ಪಿದರು ಅಂತ ಮೊದಲು ಸಿಟ್ಟೇ ಬಂತು. ಸುತ್ತು ಹಾಕಿ ಬಂದ ಮೇಲೆ ಅಷ್ಟಿರಲಿಲ್ಲ. ಮೇಲಿನದು ಹೊಸದು ಅಂತ ಯಾರಿಗಾದರೂ ಒಂದೇ ನೋಟಕ್ಕೆ ಗೊತ್ತಾಗುತ್ತೆ. ಹಳೆಯದರ ನಕಲು ಮಾಡಿ ಮೋಸ ಮಾಡಿಲ್ಲ. ಬಾಲ್ಕನಿಯಲ್ಲಿ ಯಾರದೋ ಸೈಕಲ್ಲು, ಮಗುವಿನ ಬಟ್ಟೆ. ಸಾಲ್ಟೇರಿನಲ್ಲಿ ಇಂಥದ್ದನ್ನು ಮಾಡೋಕೆ ಬಿಡುತ್ತಿರಲಿಲ್ಲ, ಬಿಡಲೂಬಾರದು. ಇಲ್ಲಿ ಇದಿಲ್ಲದಿದ್ದರೆ ಏನೂ ಉಳಿಯುತ್ತಿರಲಿಲ್ಲ.

ಯಾಕೆ ಹಾಗನ್ನುತ್ತೇನೆ ಅಂದರೆ, ಇಲ್ಲಿಂದ ಸ್ವಲ್ಪ ದೂರದಲ್ಲಿ ಡ್ರಮಂಡ್ ಮಿಲ್ ಇತ್ತು. 2016ರ ಜನವರಿಯಲ್ಲಿ ಬೆಂಕಿ ಬಿದ್ದು ಹೋಯಿತು. ಕೀತ್ಲಿ ಊರಿನ ಡಾಲ್ಟನ್ ಮಿಲ್ಲಿಗೂ 2022ರಲ್ಲಿ ಹಾಗೇ ಆಯಿತು. ಬೆಂಕಿಗೆ ಹೆದರಿ ಹುಟ್ಟಿಕೊಂಡ ಕಟ್ಟಡಗಳ ಜಾತಿಗೆ ಕೊನೆಗೂ ಬೆಂಕಿಯೇ ಯಮ. ಜನರಿಲ್ಲದ ಮಿಲ್ಲಿನಲ್ಲಿ ಹೊಗೆ ಕಂಡು ಕೂಗುವವರು ಯಾರೂ ಇರೋದಿಲ್ಲ.

ಶನಿವಾರ, ಬರ್ನ್‌ಲಿ

ಇವತ್ತು ಸೊಸೆಗೆ ರಜೆ. ಇಬ್ಬರೂ ಬುತ್ತಿ ಕಟ್ಟಿಕೊಂಡು ರೈಲು ಹತ್ತಿದೆವು. ಚಪಾತಿ, ಶೇಂಗಾ ಚಟ್ನಿ. ಯಾರ್ಕ್‌ಶೈರ್ ದಾಟಿ ಲ್ಯಾಂಕಶೈರಿಗೆ ಬಂದರೆ ಉಣ್ಣೆ ಹೋಗಿ ಹತ್ತಿ ಶುರು. ಕ್ವೀನ್ ಸ್ಟ್ರೀಟ್ ಮಿಲ್ ಇರುವುದು ಬರ್ನ್‌ಲಿಯ ಹೊರಗೆ, ಹಾರ್ಲ್ ಸೈಕ್‌ನಲ್ಲಿ. ವಾರದಲ್ಲಿ ಕೆಲವೇ ದಿನ, ಅದೂ ಚಳಿಗಾಲ ಬಿಟ್ಟು ತೆರೆದಿರುತ್ತೆ. ಹೋಗುವವರು ಮೊದಲೇ ವಿಚಾರಿಸಿಕೊಳ್ಳಿ.

ನೋಡೋಕೆ ಸಾಲ್ಟೇರಿನ ಮುಂದೆ ಏನೇನೂ ಅಲ್ಲ. ತಗ್ಗು ಶೆಡ್ಡು, ಒಂದು ಚಿಮಣಿ, ಪಕ್ಕದಲ್ಲಿ ನೀರಿನ ಕೆರೆ. ಚಾವಣಿ ಗರಗಸದ ಹಲ್ಲಿನಾಕಾರದ್ದು. ಒಂದು ಇಳಿಜಾರಿಗೆ ಸ್ಲೇಟು, ಇನ್ನೊಂದಕ್ಕೆ ಗಾಜು. ಗಾಜೆಲ್ಲ ಉತ್ತರಕ್ಕೆ ಮುಖ ಮಾಡಿದೆ, ನೇರ ಬಿಸಿಲು ಬೀಳದೆ ಇಡೀ ದಿನ ಒಂದೇ ಸಮನಾದ ಬೆಳಕು ಬರಲಿ ಅಂತ. 1890ರ ದಶಕದಲ್ಲಿ ಊರವರೇ ಷೇರು ಹಾಕಿ ಸಹಕಾರಿ ಪದ್ಧತಿಯಲ್ಲಿ ಕಟ್ಟಿಕೊಂಡದ್ದು. 1982ರಲ್ಲಿ ನಿಲ್ಲುವವರೆಗೂ ಆವಿಯಲ್ಲೇ ಓಡಿತು. ಹಾಗಾಗಿ ಕಟ್ಟಡದ ಜೊತೆಗೆ ಎಂಜಿನ್ನು, ಬಾಯ್ಲರು, ಶಾಫ್ಟು, ಮಗ್ಗ ಎಲ್ಲ ಇದ್ದಲ್ಲೇ ಇವೆ. ಗ್ರೇಡ್ ಒಂದು ಸಿಕ್ಕಿರುವುದು ಅದಕ್ಕೇ, ಚೆಂದಕ್ಕಲ್ಲ.

ಎಂಜಿನ್ನಿನ ಹೆಸರು ಪೀಸ್. 500 ಅಶ್ವಶಕ್ತಿ. ಮೊದಲು ಪ್ರುಡೆನ್ಸ್ ಅಂತಿತ್ತಂತೆ. ಹಿತ್ತಾಳೆಗೆ ಉಜ್ಜಿ ಉಜ್ಜಿ ಹೊಳಪು ಕೊಟ್ಟಿದ್ದಾರೆ. ಪಕ್ಕದ ಶೆಡ್ಡಿಗೆ ಹೋದರೆ ಮೂರುನೂರಕ್ಕೂ ಹೆಚ್ಚು ಮಗ್ಗ. ತಲೆ ಮೇಲೆ ಶಾಫ್ಟು, ಒಂದೊಂದು ಮಗ್ಗಕ್ಕೂ ಇಳಿಬಿಟ್ಟ ಚರ್ಮದ ಬೆಲ್ಟು. ತೋರಿಸುವ ಹೆಂಗಸು ಹಿಡಿ ತಳ್ಳಿದರು. ಲಾಳಿ ಆ ಕಡೆಯಿಂದ ಈ ಕಡೆಗೆ ಕಣ್ಣಿಗೆ ಕಾಣದ ಹಾಗೆ ಹಾರತೊಡಗಿತು. ಓಡಿಸಿದ್ದು ಕೆಲವೇ ಮಗ್ಗ, ಆದರೂ ಸೊಸೆ ಏನೋ ಹೇಳಿದ್ದು ಕೇಳಿಸಲೇ ಇಲ್ಲ. ಎಲ್ಲ ಮಗ್ಗ ಓಡುತ್ತಿದ್ದಾಗ ನೇಕಾರರು ತುಟಿ ಚಲನೆ ನೋಡಿಯೇ ಮಾತಾಡಿಕೊಳ್ಳುತ್ತಿದ್ದರು. ಬಹಳ ಜನಕ್ಕೆ ನಡುವಯಸ್ಸಿಗೇ ಕಿವಿ ಮಂದ. ಲಾಳಿಯ ಕಣ್ಣಿನೊಳಗಿಂದ ನೂಲನ್ನು ಬಾಯಲ್ಲಿ ಸೆಳೆಯುತ್ತಿದ್ದರು, ಅದರಿಂದ ಧೂಳು, ಎಣ್ಣೆ, ಪಕ್ಕದವಳ ಕ್ಷಯ ಎಲ್ಲವೂ ಒಳಗೆ.

ನಮ್ಮ ಊರಿನ ಕಡೆಯವನಿಗೆ ಲ್ಯಾಂಕಶೈರ್ ಅಪರಿಚಿತ ಅಲ್ಲ. 1840ರ ದಶಕದಲ್ಲೇ ಧಾರವಾಡದ ಹೊಲಗಳಿಗೆ ಅಮೆರಿಕದ ಹತ್ತಿ ಬೀಜ ಬಂದಿತ್ತು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಅಲ್ಲಿನ ಹತ್ತಿ ನಿಂತಾಗ ಲ್ಯಾಂಕಶೈರಿನ ಮಿಲ್ಲುಗಳು ಬಾಗಿಲು ಹಾಕಿದವು, ಜನ ಗಂಜಿಗೆ ಸಾಲು ನಿಂತರು. ಮ್ಯಾಂಚೆಸ್ಟರಿನ ವ್ಯಾಪಾರಿಗಳ ಕಣ್ಣು ಧಾರವಾಡದ ಹತ್ತಿ ಮೇಲೆ, ಅದನ್ನು ಸಾಗಿಸಲು ಕಾರವಾರದ ಬಂದರಿನ ಮೇಲೆ ಬಿತ್ತು. ಉತ್ತರ ಕನ್ನಡ 1862ರಲ್ಲಿ ಮದ್ರಾಸ್ ಪ್ರಾಂತ್ಯ ಬಿಟ್ಟು ಮುಂಬೈ ಪ್ರಾಂತ್ಯಕ್ಕೆ ಸೇರಿದ್ದರ ಹಿಂದೆ ಈ ಹತ್ತಿಯ ಲೆಕ್ಕವೂ ಇತ್ತು. ಇದನ್ನೆಲ್ಲ ಹೇಳಿದಾಗ ತೋರಿಸುತ್ತಿದ್ದಾಕೆ ಆಸಕ್ತಿಯಿಂದ ಕೇಳಿದರು. ಆಮೇಲೆ ಸೊಸೆ, “ಮಾಮ, ಅವರು ಮಗ್ಗ ನಿಲ್ಲಿಸಿ ನಿಮ್ಮ ಭಾಷಣ ಕೇಳಿದ್ರು” ಅಂತ ರೇಗಿಸಿದಳು.

ಮಿಲ್ಲನ್ನು ಮ್ಯೂಸಿಯಂ ಮಾಡಿ ನಡೆಸುವ ಕೌಂಟಿಗೆ, ಅಂದರೆ ಜಿಲ್ಲಾ ಆಡಳಿತಕ್ಕೆ, ಹಣದ ಕೊರತೆಯಾಗಿ 2016ರಲ್ಲಿ ಈ ಮ್ಯೂಸಿಯಮ್ಮೂ ಮುಚ್ಚಿತ್ತು. ಎರಡು ವರ್ಷದ ಮೇಲೆ ತೆರೆಯಿತು. ಇಂಥ ಮ್ಯೂಸಿಯಂ ನಡೆಸುವುದು ಬರೀ ಗೋಡೆ ಕಾಯುವ ಕೆಲಸವಲ್ಲ. ಬಾಯ್ಲರಿಗೆ ತಪಾಸಣೆ, ಬೆಲ್ಟಿಗೆ ಚರ್ಮ, ಮಗ್ಗ ಸರಿಮಾಡಲು ನಮ್ಮ ಮಿಲ್ಲುಗಳ ಜಾಬರ್‌ನಂಥ ಕೈ ಬೇಕು. ಆ ಕೆಲಸ ಬಲ್ಲವರಿಗೆ ವಯಸ್ಸಾಗಿದೆ, ಕಲಿಯುವ ಹುಡುಗರು ಬೇಕು. ಕಟ್ಟಡದ ಪಟ್ಟಿಯಲ್ಲಿ ಕಸುಬಿಗೆ ದರ್ಜೆ ಇಲ್ಲ.

ವಾಪಸು ಬರುವಾಗ ಹ್ಯಾಲಿಫ್ಯಾಕ್ಸಿನಲ್ಲಿ ಇಳಿದು ಡೀನ್ ಕ್ಲಫ್ ನೋಡಿದೆವು. ಕ್ರಾಸ್ಲಿ ಕುಟುಂಬದ ಕಾರ್ಪೆಟ್ ಮಿಲ್ಲು, 1982ರಲ್ಲಿ ಮುಚ್ಚಿತ್ತು, ಈಗ ಆಫೀಸು, ನಾಟಕಶಾಲೆ. ಕಾಲು ನೋಯುತ್ತಿತ್ತು, ಹೊರಗಿನಿಂದಲೇ ಸುತ್ತು ಹಾಕಿದ್ದು.

ರೈಲಿನಲ್ಲಿ ಸೊಸೆ ಕೇಳಿದಳು: “ನಮ್ಮೂರಲ್ಲಿ ಒಂದು ಮಿಲ್ಲನ್ನಾದ್ರೂ ಹೀಗೆ ಉಳಿಸಿಕೊಳ್ಳಬಹುದಿತ್ತಲ್ವಾ?”

ಅಡ್ಡಿ ಎಲ್ಲಿದೆ ಅಂತ ಇಬ್ಬರೂ ಸೇರಿ ಹುಡುಕಿದೆವು. ಇಂಗ್ಲೆಂಡಿನಲ್ಲಿ ಮೂವತ್ತು ವರ್ಷ ದಾಟಿದ ಕಟ್ಟಡವನ್ನೂ ಯೋಗ್ಯತೆ ಇದ್ದರೆ ಪಟ್ಟಿಗೆ ಸೇರಿಸಬಹುದು. ಮಾಲೀಕ ಅಲ್ಲೇ ಇರುತ್ತಾನೆ, ಬಾಡಿಗೆಗೂ ಕೊಡುತ್ತಾನೆ. ಪುರಾತನ ಸ್ಮಾರಕಗಳ ಬಗೆಗಿನ ನಮ್ಮ 1958ರ ಕೇಂದ್ರ ಕಾಯ್ದೆಗೆ ನೂರು ವರ್ಷ ತುಂಬಿದ ಸ್ಮಾರಕ ಬೇಕು. ಅದು ಗುಡಿ, ಕೋಟೆ, ಶಾಸನಗಳಿಗೆ ಹೊಂದುತ್ತೆ, ಜನ ಓಡಾಡಿಕೊಂಡು ಬಳಸುವ ಕಟ್ಟಡಕ್ಕೆ ಹೊಂದುವುದಿಲ್ಲ. ಬೆಂಗಳೂರಿನ ಬಿನ್ನಿ ಮಿಲ್ಲಿಗೆ ಆ ವಯಸ್ಸೂ ಆಗಿತ್ತು. 1884ರಲ್ಲಿ ಶುರುವಾದದ್ದು. ಈಗ ಆ ಜಾಗದಲ್ಲಿ ಅಪಾರ್ಟ್‌ಮೆಂಟ್ ಎದ್ದಿವೆ. ದಾವಣಗೆರೆಯ ಮಿಲ್ಲುಗಳು ಇಪ್ಪತ್ತನೇ ಶತಮಾನದವು. ನೂರು ತುಂಬುವವರೆಗೆ ಸೈಟಿನ ರೇಟು ಕಾಯುತ್ತಾ ಕೂರಬೇಕಲ್ಲ.

“ಹಾಗಾದ್ರೆ ಪಾಲಿಕೆಯವರೇ ಒಂದು ಪಟ್ಟಿ ಮಾಡಲಿ. ಅಳತೆ, ನಕ್ಷೆ ನಾನೇ ಮಾಡಿಕೊಡ್ತೀನಿ” ಅಂದಳು. ಡಿಸೆಂಬರಿನಲ್ಲಿ ಊರಿಗೆ ಬರುತ್ತಾಳೆ. ಉಳಿದಿರುವ ಗೋಡೆ, ಶೆಡ್ಡು, ಚಿಮಣಿ ಎಲ್ಲೆಲ್ಲಿವೆ ಅಂತ ಅಷ್ಟರಲ್ಲಿ ನಾನು ಗುರುತು ಮಾಡಿಡಬೇಕಂತೆ.